ಪುಟದ ನಡುವೆ ಇಟ್ಟ ಬೆರಳು

ನನ್ನ ತಂದೆಯವರು ಕುಮಾರವ್ಯಾಸ ಭಾರತವನ್ನು ಓದಲು ಕುಳಿತರೆ ಅವರ ಎಡಗೈಯ ಮೂರು ಬೆರಳುಗಳಿಗೆ ಬಿಡುವಿರುತ್ತಿರಲಿಲ್ಲ. ತೋರುಬೆರಳು ಅಂದು ಓದುತ್ತಿದ್ದ ಸಂಧಿಯಲ್ಲಿ, ನಡುಬೆರಳು ಹಿಂದಿನ ದಿನ ಸಂದೇಹ ಉಳಿದಿದ್ದ ಪದ್ಯದಲ್ಲಿ, ಉಂಗುರದ ಬೆರಳು ಗ್ರಂಥದ ಕೊನೆಯ ಶಬ್ದಾರ್ಥದ ಪುಟಗಳಲ್ಲಿ. ಬಲಗೈ ಮಾತ್ರ ಸ್ವತಂತ್ರ. ಅದು ಕಿಟೆಲ್ ಕೋಶದ ಹಾಳೆ ತಿರುವುವುದಕ್ಕೂ ಕಾಫಿಯ ಲೋಟ ಹಿಡಿಯುವುದಕ್ಕೂ ಮೀಸಲು. ಮಕ್ಕಳಾದ ನಾವು ನಡುವೆ ಏನನ್ನಾದರೂ ಕೇಳಿ, ಅವರು ಬೆರಳು ತೆಗೆಯುವಂತಾದರೆ ಅಂದು ನಮ್ಮ ಗ್ರಹಚಾರ ಕೆಟ್ಟಿತೆಂದೇ ಅರ್ಥ.

ಈ ಪೀಠಿಕೆ ಗಣಕಯಂತ್ರದ ಕುರಿತ ಲೇಖನವೊಂದಕ್ಕೆ ಎಂದು ತಿಳಿದು ಓದುಗರು ಮುಂದಿನ ಲೇಖನಕ್ಕೆ ಹಾರಿಬಿಡಬಾರದೆಂದು ನನ್ನ ಪ್ರಾರ್ಥನೆ. ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ನನ್ನ ಬಳಿ ಇದ್ದದ್ದು ಇದೊಂದೇ ಅನುಭವ. ಇದರಲ್ಲಿ ನನ್ನ ಒಂದು ತಪ್ಪಿನ ಕಥೆಯೂ ಇರುವುದರಿಂದ ಬರೆದು ಹಗುರಾಗುವ ಸ್ವಾರ್ಥವೂ ಉಂಟು.

ನಮ್ಮ ಊರಿನ ಕನ್ನಡ ಕೂಟದಲ್ಲಿ ಎಲ್ಲರೂ 'ಅಕ್ಕ' ಎಂದು ಕರೆಯುವ ಹಿರಿಯರೊಬ್ಬರಿದ್ದಾರೆ. ಹೆಸರು ಬರೆಯಕೂಡದೆಂದು ಅವರ ಆಣೆ. 1970ರ ಸುಮಾರಿಗೆ ಅಮೆರಿಕಕ್ಕೆ ಬಂದು, ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ ಮೂರು ದಶಕ ದುಡಿದವರು. ನಿವೃತ್ತಿಯ ಹೊತ್ತಿಗೆ ಗ್ಲಾಕೋಮ ಅವರ ಎರಡೂ ಕಣ್ಣುಗಳನ್ನು ತೆಗೆದುಕೊಂಡಿತು. ಓದುವ ಹುಚ್ಚನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ಗಣಕದ ಪರದೆಯ ಮೇಲೆ ಬಂದ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಓರ್ಕಾ ಎಂಬ ತಂತ್ರಾಂಶವನ್ನು ಅವಲಂಬಿಸಿ, ಅವರು ದಿನಕ್ಕೆ ಐದಾರು ಗಂಟೆ ಅಂತರಜಾಲದಲ್ಲಿ ಸಂಚರಿಸುತ್ತಾರೆ. ಆ ಸಂಚಾರಕ್ಕೆ ಅವರು ಬಳಸುವ ವಾಹನ ಲಿಂಕ್ಸ್.

ಲಿಂಕ್ಸ್ ಎಂದರೆ ಇಂದಿನ ತರುಣರಿಗೆ ಗುರುತು ಹತ್ತಲಿಕ್ಕಿಲ್ಲ. ಚಿತ್ರವಿಲ್ಲ, ಬಣ್ಣದ ಆಡಂಬರವಿಲ್ಲ, ಮೌಸ್ ಬೇಕಿಲ್ಲ. ಜಾಲಪುಟದ ಅಕ್ಷರಗಳನ್ನಷ್ಟೇ ಹೆಕ್ಕಿ ತೋರಿಸುವ ವೀಕ್ಷಕ ಅದು. 1992ರಲ್ಲಿ ಕನ್ಸಾಸ್ ವಿಶ್ವವಿದ್ಯಾಲಯದಲ್ಲಿ ಲೂ ಮೊಂಟುಲಿ, ಮೈಕಲ್ ಗ್ರೋಬ್ ಮತ್ತು ಚಾರ್ಲ್ಸ್ ರೆಜಾಕ್ ಎಂಬ ಮೂವರು ತಮ್ಮ ಆವರಣದ ಮಾಹಿತಿ ವ್ಯವಸ್ಥೆಗೆಂದು ಇದನ್ನು ರಚಿಸಿದರು. ಮರುವರ್ಷ ಅದು ವಿಶ್ವವ್ಯಾಪಿ ಜಾಲವನ್ನು ಓದುವಂತಾಯಿತು. 24 ಸಾಲು, 80 ಅಂಕಣಗಳ ಹಸಿರಕ್ಷರದ ಟರ್ಮಿನಲ್‌ಗಳ ಮುಂದೆ ವಿದ್ಯಾರ್ಥಿ ದೆಸೆಯನ್ನು ಕಳೆದ ನನ್ನಂಥವರು ಜಾಲವೆಂಬುದನ್ನು ಮೊದಲು ಕಂಡದ್ದೇ ಈ ಗವಾಕ್ಷಿಯಲ್ಲಿ. ಕೆಳಬಾಣದ ಕೀಲಿಯಿಂದ ಕೊಂಡಿಯಿಂದ ಕೊಂಡಿಗೆ, ಬಲಬಾಣದಿಂದ ಮುಂದಿನ ಪುಟಕ್ಕೆ, ಎಡಬಾಣದಿಂದ ಹಿಂದಿನ ಪುಟಕ್ಕೆ. ಅಷ್ಟು ಕಲಿತರೆ ಪದವಿ ಮುಗಿಯಿತು. ಲಿಂಕ್ಸ್ ಎಂಬುದು ತೀಕ್ಷ್ಣ ದೃಷ್ಟಿಗೆ ಹೆಸರಾದ ಒಂದು ಕಾಡುಬೆಕ್ಕಿನ ಹೆಸರು. ಅದೇ ಹೆಸರಿನ ವೀಕ್ಷಕ ದೃಷ್ಟಿಯಿಲ್ಲದವರಿಗೆ ಆಪ್ತವಾಗಿ ಉಳಿದದ್ದು ವಿಧಿಯ ವಿನೋದ. ಥಾಮಸ್ ಡಿಕ್ಕಿ ಎಂಬವರು ದಶಕಗಳಿಂದ ಇದನ್ನು ಪೋಷಿಸುತ್ತಿದ್ದು, 2024ರಲ್ಲೂ ಹೊಸ ಆವೃತ್ತಿಗಳು ಬಂದಿವೆ.

ಅಕ್ಕನ ಕೋರಿಕೆ ಸರಳವಾಗಿತ್ತು. "ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದು ಲೇಖನ, ಕನ್ನಡ ವಿಕಿಪೀಡಿಯದಲ್ಲಿ ಅದೇ ವಿಷಯ. ಎರಡನ್ನೂ ಕೂಡಿಸಿ ಓದಬೇಕು. ಒಂದರಿಂದ ಇನ್ನೊಂದಕ್ಕೆ ಹೋದರೆ ಮೊದಲಿನದು ಎಲ್ಲಿ ಬಿಟ್ಟೆನೆಂಬುದು ತಪ್ಪಿಹೋಗುತ್ತದೆ. ನೀವೆಲ್ಲ ಟ್ಯಾಬು ಟ್ಯಾಬು ಎನ್ನುತ್ತೀರಲ್ಲ, ಅದು ನನಗೂ ಬೇಕು."

ಟ್ಯಾಬ್ ಎಂದರೆ ಕಚೇರಿಯ ಕಡತಗಳ ಅಂಚಿನಲ್ಲಿ ಕಿವಿಯಂತೆ ಹೊರಚಾಚಿದ ಕಾಗದದ ತುಂಡು. ಜಾಲವೀಕ್ಷಕದಲ್ಲಿ ಹಲವು ಪುಟಗಳನ್ನು ಏಕಕಾಲದಲ್ಲಿ ತೆರೆದಿಟ್ಟು, ಮೇಲಿನ ಕಿವಿಗಳನ್ನು ಹಿಡಿದು ಒಂದರಿಂದ ಒಂದಕ್ಕೆ ಜಿಗಿಯುವ ಈ ಸೌಕರ್ಯ 2001ರಲ್ಲಿ ಮೊಜಿಲ್ಲಾಕ್ಕೆ ಬಂದು, 2006ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರಿನ ಏಳನೆಯ ಆವೃತ್ತಿಗೂ ಬಂದ ಮೇಲೆ ಲೋಕಸಾಮಾನ್ಯವಾಯಿತು. ಲಿಂಕ್ಸ್‌ನಲ್ಲಿ ಮಾತ್ರ ಅದು ಇಲ್ಲ. ಅಲ್ಲಿರುವುದು ಒಂದೇ ದಾರಿ. ಮುಂದೆ ಹೋಗಬಹುದು, ಬಂದ ದಾರಿಯಲ್ಲೇ ಹಿಂದಿರುಗಬಹುದು.

"ಅದಕ್ಕೇನಂತೆ, ಎರಡು ಲಿಂಕ್ಸ್ ತೆರೆದರಾಯಿತು" ಎಂದು ನಾನು ಪಂಡಿತನಂತೆ ಹೇಳಿದೆ. 1987ರಿಂದಲೂ ಇರುವ ಸ್ಕ್ರೀನ್ ಎಂಬ ತಂತ್ರಾಂಶ ಒಂದೇ ಪರದೆಯಲ್ಲಿ ಹಲವು ಪರದೆಗಳನ್ನು ಮಡಿಸಿಟ್ಟುಕೊಡುತ್ತದೆ. ಒಂದು ಮಡಿಕೆಗೆ ಒಂದು ಲಿಂಕ್ಸ್. ಓದುವುದಕ್ಕೆ ಅದು ಸಾಕಾಯಿತು. ಆದರೆ ಹೆಸರು, ಗುಟ್ಟುಪದ ಕೊಟ್ಟು ಒಳಹೋಗಬೇಕಾದ ತಾಣಗಳಲ್ಲಿ ಕೈಕೊಟ್ಟಿತು. ಒಂದು ಲಿಂಕ್ಸ್‌ನಲ್ಲಿ ಒಳಹೊಕ್ಕರೆ ಪಕ್ಕದ ಲಿಂಕ್ಸ್‌ಗೆ ಅದರ ಸುಳಿವೇ ಇಲ್ಲ. ಅಲ್ಲಿ ಮತ್ತೆ ಮೊದಲಿನಿಂದ ಬಾಗಿಲು ತಟ್ಟಬೇಕು. ಒಳಗೆ ಬಂದವರು ಯಾರೆಂಬುದನ್ನು ನೆನಪಿಡುವ 'ಕುಕ್ಕಿ' ಎಂಬ ಚೀಟಿ ಆಯಾ ಲಿಂಕ್ಸ್‌ನ ಸ್ಮೃತಿಯಲ್ಲಿ ಮಾತ್ರ ಇರುವುದೇ ಇದಕ್ಕೆ ಕಾರಣ. ಆ ಕುಕ್ಕಿಯನ್ನು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದಾಗ ಕಂಡುಹಿಡಿದವರು ಬೇರಾರೂ ಅಲ್ಲ, ಲಿಂಕ್ಸ್ ಬರೆದ ಅದೇ ಲೂ ಮೊಂಟುಲಿ. ತಮ್ಮ ಹಿರಿಯ ಮಗುವಿಗೆ ಕಿರಿಯ ಮಗು ಹೀಗೊಂದು ತೊಡಕಾದೀತೆಂದು ಅವರು ಊಹಿಸಿರಲಾರರು.

ಟ್ಯಾಬ್ ಇರುವ ಅಕ್ಷರವೀಕ್ಷಕಗಳು ಬೇರೆ ಇಲ್ಲವೆಂದಲ್ಲ. ಜೆಕ್ ದೇಶದಲ್ಲಿ ಹುಟ್ಟಿದ ಮತ್ತೊಂದು ಲಿಂಕ್ಸ್ ಉಂಟು. ಇಂಗ್ಲಿಷಿನಲ್ಲಿ ಕಾಗುಣಿತ ಬೇರೆಯಾದರೂ ಕನ್ನಡ ಲಿಪಿಯಲ್ಲಿ ಬರೆದೊಡನೆ ಬೆಕ್ಕೂ ಕೊಂಡಿಯೂ ಒಂದೇ ಆಗಿಬಿಡುತ್ತವೆ, ಆದ್ದರಿಂದ ಅದರ ವಿಷಯ ಇಲ್ಲಿಗೇ ಬಿಡುತ್ತೇನೆ. ಅದರ ಕವಲಾದ ಈಲಿಂಕ್ಸ್‌ನಲ್ಲಿ ಟ್ಯಾಬ್ ಇದೆ. ಜಪಾನಿನ ಅಕಿನೋರಿ ಇತೊ ಅವರು ಆರಂಭಿಸಿದ ಡಬ್ಲ್ಯು-3-ಎಮ್‌ನಲ್ಲೂ ಇದೆ. ಅಲ್ಲಿ ದೊಡ್ಡ ಟಿ ಒತ್ತಿದರೆ ಹೊಸ ಟ್ಯಾಬ್, ಪುಷ್ಪಾವರಣ ಚಿಹ್ನೆಗಳನ್ನು ಒತ್ತಿದರೆ ಹಿಂದಿನದು ಮುಂದಿನದು. ನಾನು ಹುರುಪಿನಿಂದ ಅದನ್ನು ಅಕ್ಕನ ಗಣಕದಲ್ಲಿ ಸ್ಥಾಪಿಸಿದೆ. ಒಂದು ವಾರದ ನಂತರ ಹೋದಾಗ ಅವರು ಅದನ್ನು ಬಿಟ್ಟು ಲಿಂಕ್ಸ್‌ಗೇ ಮರಳಿದ್ದರು.

ಕಾರಣ ಕೇಳಿದಾಗಲೇ ನನಗೆ ಕಣ್ಣಿದ್ದವರ ಅಜ್ಞಾನದ ಆಳ ತಿಳಿದದ್ದು. ಡಬ್ಲ್ಯು-3-ಎಮ್‌ನ ಹೆಗ್ಗಳಿಕೆಯೇ ಕೋಷ್ಟಕಗಳನ್ನು ಅಂಕಣ ಅಂಕಣವಾಗಿ ಅಕ್ಕಪಕ್ಕ ನಿಲ್ಲಿಸುವುದು. ನೋಡುವವರಿಗೆ ಅದು ಸೊಗಸು. ಆದರೆ ಸಾಲು ಸಾಲಾಗಿ ಓದಿಹೇಳುವ ಯಂತ್ರಕ್ಕೆ ಅಂಕಣಗಳ ನಡುವಿನ ಗೋಡೆ ಕಾಣದು. ಎಡದ ಕೋಣೆಯ ಅರ್ಧ ವಾಕ್ಯಕ್ಕೆ ಬಲದ ಕೋಣೆಯ ಅರ್ಧ ವಾಕ್ಯವನ್ನು ಅಂಟಿಸಿ ಒದರುತ್ತದೆ. ಲಿಂಕ್ಸ್‌ಗೆ ಆ ಹಟವಿಲ್ಲ. ದೊಡ್ಡ ಕೋಷ್ಟಕ ಬಂದರೆ ಒಂದು ಕೋಣೆ ಮುಗಿಸಿ ಮುಂದಿನ ಕೋಣೆಗೆ ಹೋಗುತ್ತದೆ. ನಾವು ಯಾವುದನ್ನು ಹಳೆಯ ತಂತ್ರಾಂಶದ ಬಡತನ ಎಂದುಕೊಂಡಿದ್ದೆವೋ ಅದು ಕೇಳುವವರಿಗೆ ಸಂಪತ್ತು. ಎರಡನೆಯ ಕಾರಣ, ಮೇಲಿನ ಟ್ಯಾಬುಗಳ ಸಾಲು. "ಪ್ರತಿ ಸಲ ಪುಟ ಬದಲಿಸಿದಾಗಲೂ ಅದು ಎಲ್ಲ ಪುಟಗಳ ತಲೆಬರಹವನ್ನೂ ಮಗ್ಗಿಯಂತೆ ಒಪ್ಪಿಸುತ್ತದೆ. ನನಗೆ ಬೇಕಾದದ್ದು ಕಿವಿಗಳಲ್ಲ, ಬಿಟ್ಟ ಜಾಗ" ಎಂದರು ಅಕ್ಕ. ಮೂರನೆಯದನ್ನು ಅವರು ಹೇಳಲಿಲ್ಲ, ನಾನೇ ಕಂಡೆ: ಮೂವತ್ತು ವರ್ಷ ಲಿಂಕ್ಸ್‌ನ ಕೀಲಿಗಳಲ್ಲಿ ಪಳಗಿದ ಬೆರಳುಗಳು.

ಹಾಗಾದರೆ ಲಿಂಕ್ಸ್‌ಗೇ ಟ್ಯಾಬ್ ಸೇರಿಸಬೇಕು. ಅದರ ಮೂಲಸಂಕೇತ ಎಲ್ಲರಿಗೂ ತೆರೆದಿದೆ. ಸಿ ಭಾಷೆ ಬಲ್ಲವರು ಯಾರಾದರೂ ತಿದ್ದಬಹುದು. ನಾನು ಹೊಟ್ಟೆಪಾಡಿಗೆ ಮಾಡುವುದೂ ಅದೇ ಭಾಷೆಯ ಕೂಲಿ.

ಕೆಲಸಕ್ಕೆ ಕೈಹಾಕುವ ಮುನ್ನ ಡಬ್ಲ್ಯು-3-ಎಮ್‌ನವರು ಇದನ್ನು ಹೇಗೆ ಸಾಧಿಸಿದರೆಂದು ಅದರ ಒಡಲನ್ನು ತೆರೆದು ನೋಡಿದೆ. ಅಲ್ಲಿ ಕಂಡ ಒಂದು ಉಪಾಯವನ್ನು ಇಲ್ಲಿ ವಿವರಿಸದೆ ಇರಲಾರೆ. ಅಂಥ ತಂತ್ರಾಂಶದಲ್ಲಿ 'ಈಗಿನ ಪುಟ' ಎಂಬುದಕ್ಕೆ ಒಂದು ಹೆಸರಿರುತ್ತದೆ, ಅವರದು 'ಕರೆಂಟ್‌ಬಫ್'. ಸಾವಿರಾರು ಸಾಲುಗಳ ಸಂಕೇತದಲ್ಲಿ ಹೆಜ್ಜೆಹೆಜ್ಜೆಗೂ ಆ ಹೆಸರು ಬರುತ್ತದೆ. ಪುಟಗಳು ಹಲವಾದಾಗ ಅಲ್ಲೆಲ್ಲ 'ಯಾವ ಟ್ಯಾಬಿನ ಈಗಿನ ಪುಟ' ಎಂದು ತಿದ್ದಬೇಕಾದೀತು. ಒಂದು ಕಡೆ ಮರೆತರೂ ಪ್ರಮಾದ. ಅದರ ಬದಲು ಶಿರೋಕಡತದಲ್ಲಿ ಒಂದೇ ಒಂದು ಸಾಲು ಇದೆ: ಕರೆಂಟ್‌ಬಫ್ ಎಂದು ಎಲ್ಲಿ ಬರೆದಿದ್ದರೂ 'ಈಗಿನ ಟ್ಯಾಬಿನೊಳಗಿನ ಈಗಿನ ಪುಟ' ಎಂದು ಓದಿಕೊಳ್ಳತಕ್ಕದ್ದು. ಮಿಕ್ಕ ಸಂಕೇತವೆಲ್ಲ ಲೋಕದಲ್ಲಿ ಇರುವುದು ಒಂದೇ ಪುಟ ಎಂಬ ಭ್ರಮೆಯಲ್ಲೇ ಸುಖವಾಗಿ ಕೆಲಸ ಮಾಡುತ್ತದೆ. ಮನೆಯವರಿಗೆ ತಿಳಿಯದಂತೆ ಮನೆಯನ್ನೇ ಬದಲಿಸಿದ ಹಾಗೆ. ವೃತ್ತಿಯಲ್ಲಿ ಇಂಥ ಜಾಣ್ಮೆ ಕಣ್ಣಿಗೆ ಬಿದ್ದಾಗ ಆಗುವ ಸಂತೋಷವನ್ನು ಆ ವೃತ್ತಿಯವರಲ್ಲದವರಿಗೆ ಹೇಳುವುದು ಕಷ್ಟ. ನನ್ನ ಹೆಂಡತಿಗೆ ಹೇಳಿ ಪ್ರಯತ್ನಿಸಿದ್ದೇನೆ.

ಲಿಂಕ್ಸ್‌ನಲ್ಲಿಯೂ ಇಂಥ ಹೆಸರೊಂದಿದೆ, 'ಎಚ್‌ಟಿ-ಮೇನ್‌ಟೆಕ್ಸ್ಟ್'. ಪರದೆಯ ಮೇಲೆ ಸದ್ಯಕ್ಕೆ ಇರುವ ಪಠ್ಯ ಅದು. ಜೊತೆಗೆ ನಡೆದು ಬಂದ ದಾರಿಯ ಪಟ್ಟಿಯೊಂದು: ಪ್ರತಿ ಪುಟದ ವಿಳಾಸ, ತಲೆಬರಹ, ನಿಂತಿದ್ದ ಸಾಲು, ನಿಂತಿದ್ದ ಕೊಂಡಿ. ಎಡಬಾಣ ಒತ್ತಿದಾಗ ಲಿಂಕ್ಸ್ ಈ ಪಟ್ಟಿಯನ್ನು ನೋಡಿಯೇ ನಮ್ಮನ್ನು ಬಿಟ್ಟ ಜಾಗಕ್ಕೆ ತಂದು ನಿಲ್ಲಿಸುವುದು. ನಾನು ಅಂಥ ಪಟ್ಟಿಗಳನ್ನು ಮೂರು ಮಾಡಿದೆ. ಒಂದು ಕೀಲಿ ಒತ್ತಿದರೆ ಈಗಿನ ಪಟ್ಟಿಯನ್ನು ಎತ್ತಿಟ್ಟು ಇನ್ನೊಂದನ್ನು ಮುಂದಿಡುವುದು; ಅದರ ತುದಿಯಲ್ಲಿರುವ ವಿಳಾಸದ ಪುಟವನ್ನು ತರಿಸಿ, ಗುರುತು ಹಾಕಿದ ಸಾಲಿನಲ್ಲಿ ನಿಲ್ಲುವುದು. ಮೂರೇ ಏಕೆಂದರೆ, ಅಕ್ಕ ಮೂರು ಸಾಕೆಂದರು. ತಂದೆಯವರ ಬೆರಳುಗಳೂ ಮೂರೇ.

ಕೀಲಿಗಳ ಆಯ್ಕೆಯೂ ಅಕ್ಕನದೇ. ಕೀಲಿಮಣೆಯ ಮೇಲ್ಸಾಲಿನಲ್ಲಿ ನಾಲ್ಕು ನಾಲ್ಕರ ಗುಂಪುಗಳಿದ್ದು, ನಡುವೆ ಸಂದು ಇರುತ್ತದೆ. ಬೆರಳಿಗೆ ಆ ಸಂದು ಸಿಗುತ್ತದೆ. ಆದ್ದರಿಂದ ಎಫ್ 5, 6, 7 ಮೂರು ಪುಟಗಳಿಗೆ. ಎಫ್ 8 'ನಾನೀಗ ಎಲ್ಲಿದ್ದೇನೆ' ಎಂದು ಕೇಳುವುದಕ್ಕೆ. ಮೇಲೆ ಕಿವಿಗಳ ಸಾಲು ಇಲ್ಲವೇ ಇಲ್ಲ. ಪುಟ ಬದಲಾದಾಗ ಪರದೆಯ ತಳದಲ್ಲಿ ಒಂದೇ ಸಾಲು ಬರುತ್ತದೆ: ಎಷ್ಟನೆಯ ಪುಟ, ಅದರ ತಲೆಬರಹ. ಓರ್ಕಾ ಅದನ್ನು ಒಮ್ಮೆ ಓದಿ ಸುಮ್ಮನಾಗುತ್ತದೆ.

ಕನ್ನಡದ ವಿಷಯದಲ್ಲಿ ಒಂದು ವಿಚಿತ್ರ ಕಂಡೆ. ಟರ್ಮಿನಲ್ ಪರದೆ ಎಂಬುದು ಚೌಕುಳಿ ಕಾಗದದಂತೆ. ಒಂದು ಮನೆಗೆ ಒಂದು ಅಕ್ಷರವೆಂಬ ಅದರ ನಿಯಮ ಇಂಗ್ಲಿಷಿಗೆ ಹೇಳಿ ಮಾಡಿಸಿದ್ದು. ನಮ್ಮ 'ಕ್ಷ' ಯುನಿಕೋಡಿನಲ್ಲಿ ಕಕಾರ, ವಿರಾಮ, ಷಕಾರ ಎಂಬ ಮೂರು ಸಂಕೇತಗಳ ಸರಣಿ. ಅದು ಚೌಕುಳಿಯಲ್ಲಿ ಕೂರಲಾರದೆ ಒತ್ತು ಒಂದೆಡೆ, ತಲೆಕಟ್ಟು ಒಂದೆಡೆ ಚೆಲ್ಲಾಪಿಲ್ಲಿಯಾಗುತ್ತದೆ. ಅಕ್ಕನ ಪರದೆಯಲ್ಲಿ ಕನ್ನಡ ವಿಕಿಪೀಡಿಯದ ಪುಟವನ್ನು ನೋಡಿದರೆ ನನಗೆ ಅರ್ಧಕ್ಕರ್ಧ ಓದಲಾಗುವುದಿಲ್ಲ. ಅಕ್ಕನಿಗೆ ಅದೊಂದು ತೊಂದರೆಯೇ ಅಲ್ಲ. ಇ-ಸ್ಪೀಕ್ ಎಂಬ ಉಚಿತ ಧ್ವನಿ ತಂತ್ರಾಂಶಕ್ಕೆ ಹೋಗುವುದು ಅಕ್ಷರದ ಆಕಾರವಲ್ಲ, ಸಂಕೇತ. ಅದು ಒತ್ತಕ್ಷರವನ್ನು ಒತ್ತಿಯೇ ಹೇಳುತ್ತದೆ. ದನಿ ಮಾತ್ರ ಲೋಹದ ಕೊಳವೆಯಿಂದ ಬಂದಂತೆ. "ನೀನು ಓದಲಾಗದ್ದನ್ನು ನಾನು ಓದಿ ಹೇಳಲೇ?" ಎಂದು ಅಕ್ಕ ನಕ್ಕರು.

ಇನ್ನು ನನ್ನ ತಪ್ಪಿನ ಕಥೆ.

ಮೂರು ವರ್ಷಗಳ ಹಿಂದಿನ ಚಳಿಗಾಲ. ಸಾಗರದ ಕಡೆಯ ಶಾಲೆಯೊಂದು ತನ್ನ ವಾರ್ಷಿಕೋತ್ಸವಕ್ಕೆಂದು ಹಳೆಯ ಅಧ್ಯಾಪಕರ ನೆನಪುಗಳನ್ನು ಜಾಲದ ಮೂಲಕ ಆಹ್ವಾನಿಸಿತ್ತು. ಅಕ್ಕನ ತಂಗಿ ಆ ಶಾಲೆಯಲ್ಲಿ ಬಹುಕಾಲ ಮೇಷ್ಟ್ರಾಗಿದ್ದವರು. ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಮನೆ, ಗದ್ದೆ ಬಿಟ್ಟುಬಂದ ಕುಟುಂಬಗಳ ಮಕ್ಕಳಿಗೆ ಅವರು ಪಾಠ ಹೇಳಿದವರು. ಅಕ್ಕ ಒಂದು ಸಂಜೆ ಎಫ್ 5ರಲ್ಲಿ ಆ ತಾಣದ ನಮೂನೆಯನ್ನು ತೆರೆದು, ಎರಡು ಗಂಟೆಗೂ ಮಿಕ್ಕಿ ಕುಳಿತು ತಂಗಿಯ ವಿಷಯ ಬರೆದರು. ನಡುವೆ ನೀರು ನಿಂತ ವರ್ಷದ ಬಗೆಗೆ ಸಂದೇಹ ಬಂತು. ಎಫ್ 6ಕ್ಕೆ ಹೋದರು. ಲಿಂಗನಮಕ್ಕಿ, 1964 ಎಂದು ತಿಳಿಯಿತು. ಆದರೆ ಊರ ಕಡೆಯ ಪುಟ ತೆರೆದ ಮೇಲೆ ಒಂದಕ್ಕೇ ನಿಲ್ಲುವುದು ಹೇಗೆ? ಶರಾವತಿ, ಜೋಗ, ಲಿಂಗನಮಕ್ಕಿಯ ನೀರಿನಲ್ಲೇ ಮುಳುಗಿಹೋದ ಹಿಂದಿನ ಹಿರೇಭಾಸ್ಕರ ಅಣೆಕಟ್ಟು, ಸಾಗರ, ಹೊಸನಗರ, ಕೆಳದಿ, ಇಕ್ಕೇರಿ... ಅಣೆಕಟ್ಟನ್ನೇ ಅಣೆಕಟ್ಟು ನುಂಗಿದ ಆ ನೀರಿನ ಸುತ್ತ ಅವರು ಹತ್ತು ಹನ್ನೆರಡು ಪುಟ ಅಲೆದು ಎಫ್ 5ಕ್ಕೆ ಮರಳಿದರು. ನಮೂನೆ ಅಲ್ಲೇ ಇತ್ತು. ಬಿಟ್ಟ ಜಾಗದಲ್ಲೇ ನಿಂತಿತ್ತು. ಬರಹ ಇರಲಿಲ್ಲ.

ನಾನು ಮರುದಿನ ಹೋಗಿ ಹುಡುಕಿದಾಗ ಕಾರಣ ಕಂಡುಹಿಡಿಯಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಲಿಂಕ್ಸ್ ಇತ್ತೀಚಿನ ಪುಟಗಳನ್ನು ಸ್ಮೃತಿಯಲ್ಲಿ ಉಳಿಸಿಕೊಳ್ಳುತ್ತದೆ. ನಾವು ಬೇರೆ ಹೇಳದಿದ್ದರೆ ಅದರ ಮಿತಿ 10. ಹನ್ನೊಂದನೆಯದು ಬಂದಾಗ ಬಹುಕಾಲದಿಂದ ಮುಟ್ಟದ ಪುಟವನ್ನು ಹೊರಹಾಕುತ್ತದೆ. ನಮೂನೆಯಲ್ಲಿ ತುಂಬಿದ ಅಕ್ಷರಗಳು ಆ ಸ್ಮೃತಿಯಲ್ಲಲ್ಲದೆ ಬೇರೆಲ್ಲೂ ಇರುವುದಿಲ್ಲ. ಪುಟ ಹೊರಹೋದರೆ ಅವೂ ಹೋದವು. ನನ್ನ ಪಟ್ಟಿಯಲ್ಲಿ ವಿಳಾಸವಿತ್ತು, ಸಾಲಿನ ಸಂಖ್ಯೆ ಇತ್ತು. ಅದರ ಪ್ರಕಾರ ಪುಟವನ್ನು ಜಾಲದಿಂದ ಹೊಸದಾಗಿ ತರಿಸಿ, ಕರಾರುವಾಕ್ಕಾಗಿ ಅದೇ ಸಾಲಿನಲ್ಲಿ, ಖಾಲಿ ಚೌಕದ ಮುಂದೆ ಅವರನ್ನು ನಿಲ್ಲಿಸಿದ್ದೆ. ಪುಟವನ್ನು ಹಿಡಿದಿಟ್ಟಿದ್ದೇನೆಂದು ನಾನು ತಿಳಿದಿದ್ದೆ. ಹಿಡಿದಿಟ್ಟದ್ದು ಪುಟದ ವಿಳಾಸವನ್ನಷ್ಟೆ.

ಸಂರಚನಾ ಕಡತದಲ್ಲಿ ಆ ಹತ್ತನ್ನು ನೂರು ಎಂದು ಬದಲಿಸಿದ್ದರೂ ಅಂದಿನ ಅನಾಹುತ ತಪ್ಪುತ್ತಿತ್ತು. ನನಗದು ತಿಳಿಯದ ವಿಷಯವೂ ಆಗಿರಲಿಲ್ಲ. ಆ ಸಂಖ್ಯೆಯನ್ನು ಹಲವು ಬಾರಿ ಕಣ್ಣಾರೆ ಕಂಡಿದ್ದೆ. ಪರೀಕ್ಷೆ ಮಾಡುವಾಗ ನಾನು ಎರಡು ಮೂರು ಪುಟ ತಿರುವಿ, ಕೆಲಸ ಮಾಡುತ್ತದೆ ಎಂದು ಸಮಾಧಾನಪಟ್ಟಿದ್ದೆ. ಅಕ್ಕನಂತೆ ಯಾರಾದರೂ ಓದುತ್ತಾರೆಂಬುದು ನನ್ನ ಲೆಕ್ಕದಲ್ಲಿರಲಿಲ್ಲ.

ಅಕ್ಕ ಸಿಟ್ಟಾಗಲಿಲ್ಲ. "ಹೋಗಲಿ, ಇನ್ನೊಮ್ಮೆ ಬರೆದರಾಯಿತು" ಎಂದರು. ಬರೆದರು ಕೂಡ, ಈ ಸಲ ಬೇರೆ ಕಡತದಲ್ಲಿ ಬರೆದು, ನನ್ನ ಕೈಯಲ್ಲಿ ಎರಡು ಪ್ರತಿ ಮಾಡಿಸಿ. ಅದು ಮೊದಲಿನದಕ್ಕಿಂತ ಚಿಕ್ಕದಾಗಿತ್ತಂತೆ. ಮೊದಲಿನದರಲ್ಲಿ ತಂಗಿ ಆಡಿದ ಮಾತೊಂದನ್ನು ಬರೆದಿದ್ದರಂತೆ. ಬರೆಯುತ್ತಿದ್ದಾಗ ಅದು ತಾನೇ ತಾನಾಗಿ ಬಂದಿತ್ತು, ಎರಡನೆಯ ಸಲ ಬರಲಿಲ್ಲ. ಏನು ಮಾತು ಎಂದು ಕೇಳಿದೆ. "ಅದೇ ನೆನಪಾಗುತ್ತಿಲ್ಲವಲ್ಲ" ಎಂದರು.

ಅನಂತರ ನಾನು ಆ ಭಾಗವನ್ನು ಬುಡದಿಂದ ತೆಗೆದು ಮತ್ತೆ ಬರೆದೆ. ಈಗ ಪ್ರತಿ ಪಟ್ಟಿಯ ತುದಿಯಲ್ಲಿರುವ ಪುಟಕ್ಕೆ ಒಂದು ಗುರುತು ಇದೆ. ಗುರುತಿರುವ ಪುಟವನ್ನು ಸ್ಮೃತಿಯಿಂದ ಹೊರಹಾಕಕೂಡದು, ಹತ್ತಾಗಲಿ ನೂರಾಗಲಿ. ನಮೂನೆಯಲ್ಲಿ ಒಂದಕ್ಷರ ಬರೆದಿದ್ದರೂ ಆ ಪುಟ ಪಟ್ಟಿಯ ನಡುವೆ ಎಲ್ಲಿದ್ದರೂ ಗುರುತು ಬೀಳುತ್ತದೆ. ಯಾವ ಕಾರಣಕ್ಕಾದರೂ ಪುಟವನ್ನು ಹೊಸದಾಗಿ ತರಿಸಬೇಕಾಗಿ ಬಂದರೆ ಮೊದಲು ಅನುಮತಿ ಕೇಳುತ್ತದೆ. ಸಾಲುಗಳ ಲೆಕ್ಕದಲ್ಲಿ ಇದು ಬಹಳ ದೊಡ್ಡ ಕೆಲಸವಲ್ಲ. ಲಿಂಕ್ಸ್‌ನ ಹೊಸ ಆವೃತ್ತಿ ಬಂದಾಗಲೆಲ್ಲ ನನ್ನ ತೇಪೆಯನ್ನು ಅದಕ್ಕೆ ಮತ್ತೆ ಹೊಲಿಯಬೇಕು. ಹೊಲಿದ ಮೇಲೆ ನಮೂನೆಯೊಂದರಲ್ಲಿ ಏನನ್ನಾದರೂ ಬರೆದು, ಪಕ್ಕದ ಪುಟದಲ್ಲಿ ಲಿಂಗನಮಕ್ಕಿಯಿಂದ ಹೊರಟು ನಲವತ್ತು ಪುಟ ಅಲೆದು, ಹಿಂದಿರುಗಿ ನೋಡುತ್ತೇನೆ. 2024ರಲ್ಲಿ 2.9.0 ಬಂದಾಗ ಈ ಪ್ರದಕ್ಷಿಣೆಗೆ ಒಂದು ಶನಿವಾರ ಹಿಡಿಯಿತು. ತೇಪೆಯನ್ನು ಲಿಂಕ್ಸ್ ಪೋಷಕರಿಗೆ ಕಳಿಸಬಾರದೇ ಎಂದು ಮಿತ್ರರು ಕೇಳುತ್ತಾರೆ. ಮೂರು ಪಟ್ಟಿ, ನಾಲ್ಕು ಕೀಲಿ, ಒಬ್ಬರೇ ಬಳಕೆದಾರರು ಎಂಬ ಅಳತೆಗೆ ಹೊಲಿದದ್ದನ್ನು ಲೋಕಕ್ಕೆ ತೊಡಿಸುವ ಧೈರ್ಯ ನನಗಿನ್ನೂ ಬಂದಿಲ್ಲ.

ಅಕ್ಕ ಈಗ ಎಫ್ 5ರಲ್ಲಿ ಇಂಗ್ಲಿಷ್, ಎಫ್ 6ರಲ್ಲಿ ಕನ್ನಡ, ಎಫ್ 7ರಲ್ಲಿ ವಿಕ್ಷನರಿ ಇಟ್ಟುಕೊಂಡು ಓದುತ್ತಾರೆ. ಕಳೆದ ತಿಂಗಳು ಹೊಸ ಬೇಡಿಕೆ ಬಂದಿದೆ: ರಾತ್ರಿ ಗಣಕವನ್ನು ಆರಿಸಿ ಬೆಳಿಗ್ಗೆ ಹೊತ್ತಿಸಿದಾಗ ಮೂರೂ ಪುಟಗಳು ಬಿಟ್ಟ ಜಾಗದಲ್ಲೇ ಸಿಗಬೇಕು, ತುಂಬಿದ ನಮೂನೆಯ ಸಹಿತ. ನಮೂನೆಯ ಅಕ್ಷರಗಳನ್ನು ಕಡತಕ್ಕೆ ಇಳಿಸಬೇಕಾದದ್ದರಿಂದ ಇದು ಹಿಂದಿನದಕ್ಕಿಂತ ತೊಡಕಿನ ಕೆಲಸ. ಸಮ್ಮೇಳನ ಮುಗಿದ ವಾರ ಕೂರೋಣ ಎಂದು ಹೇಳಿದ್ದೇನೆ. ಅದುವರೆಗೆ ಅವರು ಗಣಕವನ್ನು ಆರಿಸುವುದಿಲ್ಲವಂತೆ.